ಎದೆಮಟ್ಟದ ಜಗಲಿ

ಬಳ್ಳಾರಿ ಕಚೇರಿಯ ಕೆಲಸದಿಂದ ನಿವೃತ್ತರಾಗಿ ಸಿರುಗುಪ್ಪದ ಮನೆಗೆ ಮರಳಿದ ಸೇತೂರಾಯರು, ಎಂದೋ ಬಿದ್ದುಹೋಗಿದ್ದ ಜಗಲಿಯನ್ನು ಮೊದಲಿನಂತೆಯೇ ಕಟ್ಟಿಸಬೇಕೆಂದು ಹಟ ಹಿಡಿದರು.

"ಎಷ್ಟು ಎತ್ತರ ಬೇಕ್ರಿ?" ಎಂದ ಗೌಂಡಿ ಗಾದಿಲಿಂಗಪ್ಪ.

"ನನ್ನ ಎದಿಮಟ್ಟ. ನಮ್ಮಜ್ಜಿ ಕಂಕುಳಿಗೆ ಕೈ ಕೊಟ್ಟು ಎತ್ತಿದ್ರೇ ಹತ್ತತಿದ್ದೆ. ಚೆನ್ನಾಗಿ ನೆನಪದ."

ಗೌಂಡಿ ಅವರ ಎದೆಮಟ್ಟಕ್ಕೇ ದಾರ ಕಟ್ಟಿದ. ಅಷ್ಟೆತ್ತರ ಹತ್ತಿ ಕೂರುವುದು ಹೇಗೆಂದು ರಾಯರಿಗೇ ತಿಳಿಯಲಿಲ್ಲ.

"ಆಗ ನಿಮಗ ಎಷ್ಟು ವಯಸ್ಸ್ರಿ?"

"ಮೂರೋ ನಾಕೋ."

ಗಾದಿಲಿಂಗಪ್ಪ ನಗಲಿಲ್ಲ, ದಾರವನ್ನು ಮೊಣಕಾಲಮಟ್ಟಕ್ಕೆ ಇಳಿಸಿ ಕಟ್ಟಿದ. ರಾಯರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ದಾರ ಸರಿಯಾಗಿ ಎದೆಗೆ ಬಂತು. ತಮಗೇ ಅರಿವಿಲ್ಲದೆ ಅವರು ಎರಡೂ ತೋಳುಗಳನ್ನು ಮೇಲೆತ್ತಿದ್ದರು.