ಮೂರನೇ ಅಂತಸ್ತಿನ ಕಂಬಿಗಳು

ತಾರಸಿಯ ಮೇಲೆ ನಿಂತು ಪುರಸಭೆಯ ಇಂಜಿನಿಯರ್ ಒರ್ಮೆನ್ಯೊ ಹಣೆಯ ಬೆವರು ಒರೆಸಿಕೊಂಡರು. ಕೆಳಗಿನ ಗೋಡೆ, ಮೆಟ್ಟಿಲು, ಕಿಟಕಿ ಎಲ್ಲ ನೋಡಿ ತಲೆಯಾಡಿಸಿದ್ದವರು ಕೊನೆಗೆ ಕಂಬಿಗಳ ಕಡೆ ಕೈ ತೋರಿಸಿದರು.

"ಇವನ್ನ ಕತ್ತರಿಸ್ಬೇಕಮ್ಮ."

"ಯಾವುದನ್ನ?" ಅಂದೆ, ಅರ್ಥವಾಗದವಳ ಹಾಗೆ.

"ಈ ಕಂಬಿಗಳನ್ನ. ನಕ್ಷೆಯಲ್ಲಿ ಇರೋದು ಎರಡೇ ಅಂತಸ್ತು. ಇಲ್ಲಿ ನೋಡಿದ್ರೆ ಮೂರನೇದಕ್ಕೆ ಕಂಬ ಎದ್ದು ನಿಂತಿದೆ. ಹೀಗಿದ್ರೆ ನಾನು ಸಹಿ ಹಾಕೋಕಾಗಲ್ಲ."

"ಈ ಗುಡ್ಡದಲ್ಲಿ ಕಂಬಿ ಇಲ್ಲದ ಮನೆ ಒಂದು ತೋರಿಸಿ ನೋಡೋಣ," ಅಂದ ನನ್ನ ಗಂಡ ಸೆವೆರಿನೊ.

"ಉಳಿದವರು ಯಾರೂ ನನ್ನ ಸಹಿ ಕೇಳಿಲ್ಲ ದೊನ್ ಸೆವೆರಿನೊ. ನೀವು ಕೇಳಿದೀರಿ."

ಅದೂ ನಿಜವೇ. ಲಿಮಾದ ಈ ಗುಡ್ಡದಲ್ಲಿ ಪುರಸಭೆಯನ್ನು ಕೇಳಿ ಯಾರೂ ಮನೆ ಕಟ್ಟುವುದಿಲ್ಲ. ಚಾಪೆಯ ಗೋಡೆ ಹಲಗೆಯದಾಗುತ್ತದೆ, ಹಲಗೆ ಇಟ್ಟಿಗೆಯಾಗುತ್ತದೆ, ಮಕ್ಕಳು ಬೆಳೆದಂತೆ ಮನೆ ಮೇಲಕ್ಕೆ ಹೋಗುತ್ತದೆ. ತಾರಸಿ ಹಾಕಿದಾಗ ಕಂಬದ ಕಂಬಿಗಳನ್ನು ಆಳುದ್ದ ಹಾಗೇ ಬಿಟ್ಟು, ಗುಡ್ಡದ ಮಂಜಿಗೆ ತುಕ್ಕು ಹಿಡಿಯದಿರಲೆಂದು ತುದಿಗೆ ಸೋಡಾ ಬಾಟಲಿ ಬೋರಲು ಹಾಕುತ್ತೇವೆ. ಮುಂದಿನ ಮಗುವಿನ ಪಾಲು ಅದು. ನಮ್ಮಲ್ಲಿ ಕೆಳಗಿನದು ನಮಗೆ, ನಡುವಿನದು ಮಗಳು ಯೆಸೇನಿಯಾಗೆ, ಕಂಬಿಗಳು ಮಗ ನಿಲ್ತೊನ್‌ಗೆ.

ನಿಲ್ತೊನ್ ತೀರಿಕೊಂಡು ಎರಡನೇ ಚಳಿಗಾಲ ಇದು. ಸಣ್ಣ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದ. ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುತ್ತಿದ್ದಾಗ ಮಂಜಿನಲ್ಲಿ ಲಾರಿ ಬಂದು ಆ ಪಕ್ಕಕ್ಕೇ ಉಜ್ಜಿತು. ಒಳಗಿದ್ದ ಯಾರಿಗೂ ಏನೂ ಆಗಲಿಲ್ಲ.

ಸಹಿ ಬೇಕಾದದ್ದು ನೀರಿಗಾಗಿ. ನಮ್ಮ ನಲ್ಲಿಯ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತದೆ, ಅದೂ ಮೇಲಕ್ಕೆ ಏರುವುದಿಲ್ಲ. ಯೆಸೇನಿಯಾಳ ಅಂತಸ್ತಿಗೆ ಗುಡ್ಡದ ಮೇಲಿನ ತೊಟ್ಟಿಯಿಂದ ಬೇರೆಯದೇ ಸಂಪರ್ಕ ಬೇಕು, ಪುರಸಭೆಯ ಸಹಿ ಇಲ್ಲದೆ ನೀರಿನ ಕಚೇರಿಯವರು ಕೊಡುವುದಿಲ್ಲ. ಅಳಿಯ ದಕ್ಷಿಣದ ಗಣಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ನಾನು ಕತ್ತಲಿರುವಾಗಲೇ ಗಾಡಿ ತಳ್ಳಿಕೊಂಡು ಬಸ್ ನಿಲ್ದಾಣಕ್ಕೆ ಕಿನ್ವಾ ಕಾಳಿನ ಗಂಜಿ ಮಾರಲು ಹೋಗುತ್ತೇನೆ. ಹಾಗಾಗಿ ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು, ಹೊರಗಿನ, ಹಿಡಿಯಲು ಕಟಕಟೆಯಿಲ್ಲದ ಮೆಟ್ಟಿಲಲ್ಲಿ ಬಕೆಟ್ ಹೊರುವವಳು ಅವಳೇ. ಹೋದ ತಿಂಗಳು ಜಾರಿ ಬಿದ್ದಳು. ಕುಕ್ಕರಿಸಿದ ಹಾಗೆ ಬಿದ್ದದ್ದರಿಂದ ಕೂಸು ಉಳಿಯಿತು. ಪಕ್ಕಕ್ಕೆ ಬಿದ್ದಿದ್ದರೆ ಕೆಳಗೆ ಬಂಡೆ.

ಇಂಜಿನಿಯರ್ ಹೋದ ಮೇಲೆ ಊಟಕ್ಕೆ ಕೂತೆವು. ಕೋಳಿಕಾಲಿನ ಸಾರು ಮಾಡಿದ್ದೆ.

"ಕಂಬಿ ಮುಟ್ಟಲ್ಲ," ಅಂದ ಸೆವೆರಿನೊ.

"ಬಿಡು ಅಪ್ಪಾ," ಅಂದಳು ಯೆಸೇನಿಯಾ. "ಹೊತ್ತಿದ್ದೀನಿ, ಇನ್ನೂ ಹೊರ್ತೀನಿ. ಜಿಮ್‌ಗೆ ಹೋದವರಿಗೂ ಇಂಥ ತೋಳು ಬರಲ್ಲ, ನೋಡು."

ತೋಳು ಮಡಚಿ ತೋರಿಸಿದಳು.

"ಮುದುಕಾ," ಅಂದೆ ನಾನು, "ಹೋದವನಿಗೆ ಕೋಣೆ ಬೇಡ. ಇರೋಳಿಗೆ ನೀರು ಬೇಕು."

ಅವನು ಚಮಚ ಕೆಳಗಿಟ್ಟು ಎದ್ದು ಹೋದ. ಹೇಳಿದ್ದು ಸರಿಯೇ ಇತ್ತು. ಆದರೂ ನನ್ನ ಬಟ್ಟಲಿನ ಸಾರನ್ನು ಪಾತ್ರೆಗೇ ಮರಳಿ ಸುರಿದೆ.

ಮರುದಿನ ಗಾಡಿ ನಿಲ್ಲಿಸಿ ಮೇಸ್ತ್ರಿ ಅಪೊಲಿನಾರಿಯೊನನ್ನು ಹುಡುಕಿಕೊಂಡು ಹೋದೆ. ನಮ್ಮಲ್ಲಿ ತಾರಸಿಗೂ ಒಬ್ಬ ಧರ್ಮಪಿತ ಇರಬೇಕು. ಕಾಂಕ್ರೀಟು ಹಾಕಿದ ದಿನ ಮದ್ಯದ ಬಾಟಲಿ ಒಡೆದು ಹರಸುವವನು. ನಮ್ಮ ತಾರಸಿಗೆ ಕಟ್ಟಿದವನೂ ಹರಸಿದವನೂ ಅಪೊಲಿನಾರಿಯೊನೇ. ಅಂದಿನಿಂದ ಸೆವೆರಿನೊಗೆ ಅಣ್ಣನಿದ್ದ ಹಾಗೆ. ಮೇಸ್ತ್ರಿ ಅವತ್ತು ಯಾರದೋ ಅಂಗಡಿಗೆ ಗೋಡೆ ಎಬ್ಬಿಸುತ್ತಿದ್ದ.

"ಓಹೋ ದೊನ್ಯಾ ದೊಮಿತಿಲಾ! ಗಂಜಿ ತಂದ್ರಾ, ಬರಿಗೈಯಾ?"

"ಬರಿಗೈ. ಗಂಜಿ ಕುಡಿದು ಕುಡಿದೇ ನಿಮ್ಮ ಗೋಡೆ ಸೊಟ್ಟ ಏಳೋದು."

"ಗೋಡೆ ನೆಟ್ಟಗಿದೆ, ಗುಡ್ಡ ಸೊಟ್ಟಗಿದೆ," ಅಂತ ನಕ್ಕ.

ನಾನು ಬಂದ ಕಾರಣ ಹೇಳಿದೆ. ಕಂಬಿ ಬಗ್ಗಿಸಿ, ಮೇಲೆ ಗಾರೆ ಮೆತ್ತಿ ಮುಚ್ಚಿದರೆ ಹೇಗೆ? ಸಹಿ ಆದ ಮೇಲೆ ಮತ್ತೆ ಬಿಡಿಸಿದರಾಯಿತು. ಹಾಗೆ ಮಾಡಿದವರಿದ್ದಾರೆ ಎಂದು ನಿಲ್ದಾಣದಲ್ಲಿ ಯಾರೋ ಹೇಳಿದ್ದರು.

ಅವನ ನಗು ನಿಂತಿತು. ಕರಣೆಯನ್ನು ಬಾಂಡಲಿಯ ಅಂಚಿಗೆ ಒರೆಸಿದ.

"ಮುಚ್ಚಬಹುದು. ಯಾತಕ್ಕೆ ಅಂತ? ಆ ಪಾಯದ ಮೇಲೆ ಮೂರನೇದು ನಿಲ್ಲಲ್ಲ ತಂಗಿ. ಕೆಳಗೆಲ್ಲ ಮರಳು. ಎರಡು ಹೊತ್ತಿರೋದೇ ದೊಡ್ಡದು."

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳಿದ್ದೆ. ಸೆವೆರಿನೊಗೆ. ತಾರಸಿ ಹಾಕೋ ದಿನ, ಕಂಬಿ ಯಾಕಪ್ಪ ದಂಡ ಮಾಡ್ತೀಯ, ಇಲ್ಲಿಗೇ ಕತ್ತರಿಸಿಬಿಡ್ತೀನಿ ಅಂದೆ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳ್ಕೊಂಡು ಹೋದ. 'ಹುಡುಗ ನೋಡ್ತಿದಾನೆ, ಬಿಟ್ಟುಬಿಡು' ಅಂದ. ಬಿಟ್ಟೆ." ಕರಣೆ ಕೆಳಗಿಟ್ಟು, "ನಿಮಗೆ ಗೊತ್ತು ಅಂದ್ಕೊಂಡಿದ್ದೆ," ಅಂದ.

ಮನೆಗೆ ಬಂದಾಗ ಸೆವೆರಿನೊ ತಾರಸಿಯ ಮೇಲಿದ್ದ. ಒಂದು ಮೂಲೆಯಲ್ಲಿ ನಿಲ್ತೊನ್‌ನ ಇಟ್ಟಿಗೆಗಳು ಪ್ಲಾಸ್ಟಿಕ್ ಹಾಳೆಯ ಕೆಳಗೆ. ಸಂಬಳ ಕೈಗೆ ಬಂದಾಗಲೆಲ್ಲ ಮಗ ಒಂದಿಷ್ಟು ತಂದು ಹೆಗಲ ಮೇಲೆ ಹೊತ್ತು ಮೇಲೆ ಜೋಡಿಸುತ್ತಿದ್ದ. ಅಡುಗೆಮನೆ ಇಲ್ಲಿ, ಕಿಟಕಿ ಸಮುದ್ರದ ಕಡೆ ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ನನಗೆ ತೋರಿಸಿದ್ದ. ಮಂಜಿದ್ದ ದಿನ ಇಲ್ಲಿಂದ ಎದುರಿನ ಗುಡ್ಡವೂ ಕಾಣುವುದಿಲ್ಲ.

"ಅಪೊಲಿನಾರಿಯೊ ಹೇಳಿದ," ಅಂದೆ.

ಅವನು ಇಟ್ಟಿಗೆಯ ಮೇಲಿನ ಹಾಳೆಯ ಅಂಚು ಸರಿಮಾಡಿದ.

"ಯೆಸೇನಿಯಾಗೆ ಕಟ್ಟಿಕೊಟ್ಟು, ನಿನಗಿಲ್ಲ ಕಣೋ ಅಂತ ಹೇಗೆ ಹೇಳ್ಲಿ ಮುದುಕಿ? ಅವತ್ತು ಎಷ್ಟು ಕುಣಿದ ನೆನಪಿದೆಯಾ? ಇನ್ನೊಂದೆರಡು ವರ್ಷ, ಯಾವಳೋ ಹುಡುಗಿ ಸಿಗ್ತಾಳೆ, ಅವಳ ಅಪ್ಪನ ಮನೆ ಮೇಲೆ ಕಟ್ಕೋತಾನೆ, ಇದನ್ನ ಮರೀತಾನೆ ಅಂದ್ಕೊಂಡೆ. ಅವನು ಇಟ್ಟಿಗೆ ತರೋಕೆ ಶುರುಮಾಡಿದ."

"ಆಗಲಾದ್ರೂ..."

"ಆಗಲೂ ಹೇಳಲಿಲ್ಲ. ಸಿಮೆಂಟಿಗೆ ಆಗಲಿ ಅಂತ ಎರಡೆರಡು ಪಾಳಿ ಹಿಡಿದ. ನಾನೇ ಬುತ್ತಿ ಕೊಟ್ಟು ಕಳಿಸ್ತಿದ್ದೆ."

ಲಾರಿ ಉಜ್ಜಿದ ದಿನ ನಿಲ್ತೊನ್ ಹೋದದ್ದು ಎರಡನೇ ಪಾಳಿಗೆ. ಅದು ನಮ್ಮಿಬ್ಬರಿಗೂ ಗೊತ್ತಿದ್ದ ಮಾತು. ಇಬ್ಬರೂ ಎಂದೂ ಆಡಿರಲಿಲ್ಲ. ನಿನ್ನ ತಪ್ಪಲ್ಲ ಎನ್ನಬೇಕು ಅನ್ನಿಸಿತು. ಅಂದಿದ್ದರೂ ಅವನು ನಂಬುತ್ತಿರಲಿಲ್ಲ, ನಾನೂ ಅಷ್ಟೆ.

ಆ ಹೊತ್ತಿಗೆ ಕೆಳಗೆ ಬಕೆಟ್ ಮೆಟ್ಟಿಲಿಗೆ ತಗಲಿದ ಸದ್ದಾಯಿತು. ಯೆಸೇನಿಯಾ ಹತ್ತುತ್ತಿದ್ದಳು. ಒಂದು ಮೆಟ್ಟಿಲು, ನಿಲ್ಲುವುದು, ಮತ್ತೊಂದು. ಇಬ್ಬರೂ ಉಸಿರು ಹಿಡಿದು ಕೇಳಿದೆವು, ಅವಳು ಮೇಲೆ ಮುಟ್ಟಿ ಬಾಗಿಲು ಹಾಕಿಕೊಳ್ಳುವವರೆಗೆ.

"ಗರಗಸಕ್ಕೆ ಹೊಸ ಬ್ಲೇಡು ಬೇಕು," ಅಂದ ಸೆವೆರಿನೊ.

ಯಂತ್ರದ ಗರಗಸ ತರುತ್ತೇನೆ, ಗಳಿಗೆಯಲ್ಲಿ ಮುಗಿಯುತ್ತದೆ ಎಂದು ಅಪೊಲಿನಾರಿಯೊ ಹೇಳಿ ಕಳಿಸಿದ. ಇವನು ಒಪ್ಪಲಿಲ್ಲ. ಮಂಡಿಯೂರಿ ಕೈಯಲ್ಲೇ ಕೊಯ್ದ. ಬಾಟಲಿಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟ. ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಹಾಕಿಕೊಂಡು ಕೂತೆ. ಕಬ್ಬಿಣ ಕೊಯ್ಯುವ ಸದ್ದು ಗುಡ್ಡಕ್ಕೆಲ್ಲ ಕೇಳುತ್ತದೆ. ಪಕ್ಕದ ತಾರಸಿಯಿಂದ ನೆರೆಯವಳು ಎದೆಲ್ಮಿರಾ ಇಣುಕಿದಳು.

"ಏನ್ ದೊನ್ ಸೆವೆರಿನೊ, ಮೇಲಕ್ಕೆ ಹೋಗೋದು ಸಾಕಾಯ್ತಾ? ನಿಮಗೇನಪ್ಪ, ಸಹಿ ಮಾಡಿಸ್ಕೊಳ್ಳೋ ಮನೆಯವರು!"

ಅಂದ ಮೇಲೆ ಅವಳಿಗೆ ನಿಲ್ತೊನ್ ನೆನಪಾಗಿರಬೇಕು. ತಟ್ಟನೆ ಒಳಗೆ ಹೋದಳು. ಆಮೇಲೆ ಒಂದು ತಟ್ಟೆ ಬೇಯಿಸಿದ ಮೆಕ್ಕೆಜೋಳ ಕಳಿಸಿದಳು.

ಇಂಜಿನಿಯರ್ ಮತ್ತೆ ಬಂದರು. ಕಂಬಿಯ ಬುಡಗಳ ಮೇಲೆ ಮೆತ್ತಿದ ಗಾರೆಯನ್ನು ಬೂಟಿನ ತುದಿಯಿಂದ ತಟ್ಟಿ ನೋಡಿದರು. ಪ್ಲಾಸ್ಟಿಕ್ ಹಾಳೆ ಎತ್ತಿದರು.

"ಇವನ್ನೂ ತೆಗೀಬೇಕಾ?" ಅಂದ ಸೆವೆರಿನೊ. ಧ್ವನಿ ಬೇರೆಯದೇ ಆಗಿತ್ತು.

ಅವರು ಅವನ ಮುಖ ನೋಡಿ ಹಾಳೆಯನ್ನು ಮೆಲ್ಲಗೆ ಮೊದಲಿನಂತೆ ಮುಚ್ಚಿದರು. "ಇಟ್ಟಿಗೆಗೆ ನಿಯಮ ಇಲ್ಲ," ಅಂದು, ನಿಂತಲ್ಲೇ ಸಹಿ ಹಾಕಿದರು.

ಯೆಸೇನಿಯಾಳ ನಲ್ಲಿಗೆ ನೀರು ಬಂದದ್ದು ಒಂದು ಶನಿವಾರ. "ಅಪ್ಪಾ, ಬಾ, ನೋಡು!" ಎಂದು ಕೂಗಿದಳು. ಅವನು ಹೋಗಿ ನೀರಿಗೆ ಕೈಯೊಡ್ಡಿ ಮೊಮ್ಮಗಳ ಕಾಲು ಒದ್ದೆಮಾಡಿ ನಗಿಸಿದ. ಆಮೇಲೆ ಇಳಿದು ಬಂದು ಹೊಸ್ತಿಲ ಮೇಲೆ ಕೂತ. ತಾರಸಿಗೆ ಅವನು ಈಗ ಹತ್ತುವುದಿಲ್ಲ.

ಮಗಳು ಅವತ್ತೇ ಕೂಸಿನ ಬಟ್ಟೆಗಳನ್ನೆಲ್ಲ ಒಗೆದಳು. ನಾನು ಬುಟ್ಟಿ ಹೊತ್ತು ಮೇಲೆ ಹೋದೆ. ಇಷ್ಟು ವರ್ಷ ಹಗ್ಗ ಕಟ್ಟುತ್ತಿದ್ದದ್ದು ಕಂಬಿಗಳಿಗೆ. ಈಗ ನಾಲ್ಕೂ ಕಡೆ ಬಯಲು. ಹಗ್ಗದ ಸುರುಳಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ. ಬುಟ್ಟಿಯಿಂದ ಸೋರಿದ ನೀರು ಅವನ ಸೀಮೆಸುಣ್ಣದ ಗೆರೆಗಳಿದ್ದ ಕಡೆ ಹರಿದು ಹೋಗುತ್ತಿತ್ತು. ಗೆರೆಗಳು ಎಂದೋ ಅಳಿಸಿದ್ದವು.

"ಅಮ್ಮಾ, ಹರವಿ ಆಯ್ತಾ?" ಎಂದು ಕೆಳಗಿನಿಂದ ಯೆಸೇನಿಯಾ ಕೂಗಿದಳು.

"ಆಗ್ತಾ ಇದೆ," ಅಂದೆ. ಕೂಸಿನ ಅಂಗಿಗಳನ್ನು ಒಂದೊಂದಾಗಿ ಹಿಂಡಿ ಇಟ್ಟಿಗೆಗಳ ಮೇಲೆ ಹಾಸತೊಡಗಿದೆ.