ತಂಗಿ ತಂದ ಮಾರ್ಕ್‌ಡೌನ್

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಮ್ಯಾನೇಜರಿಗೂ ಅಕ್ಕ, ತಲೆ ನರೆತ ಹಿರಿಯ ಮೆಕ್ಯಾನಿಕ್‌ಗೂ ಅಕ್ಕ. ರಿಪೇರಿ ಕೈಪಿಡಿಗಳನ್ನು ಬರೆಯುವವಳು ಅವಳೊಬ್ಬಳೇ ಆಗಿದ್ದರಿಂದ ಬಂದ ಮರ್ಯಾದೆ ಅದು. ಮೆಕ್ಯಾನಿಕ್‌ಗಳು ಎಣ್ಣೆಗೈಯಲ್ಲಿ ಗೀಚಿದ ಚೀಟಿ ಹಿಡಿದು ಅವಳ ಮೇಜಿನ ಮುಂದೆ ನಿಲ್ಲಬೇಕು. ಅವಳು ಪ್ರತಿ ವಾಕ್ಯಕ್ಕೂ ಕಂಪ್ಯೂಟರಿಗೆ ತಿಳಿಯುವ ಗುರುತು, ತೆರೆಯುವುದೊಂದು ಟ್ಯಾಗ್, ಮುಚ್ಚುವುದೊಂದು ಟ್ಯಾಗ್ ತೊಡಿಸಿ ಪುಟ ಮಾಡಿಕೊಡಬೇಕು. ಒಂದೇ ಒಂದು ಟ್ಯಾಗ್ ಮುಚ್ಚದೆ ಬಿಟ್ಟರೆ ಇಡೀ ಕೈಪಿಡಿ ಮುಷ್ಕರ ಹೂಡುತ್ತಿತ್ತು. ಆ ಫೈಲು ಮುಟ್ಟುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಬಾರದೇ ಇರಲಿ ಎಂದು ಅವಳೂ ಒಳಗೊಳಗೇ ಬಯಸುತ್ತಿದ್ದಳು.

ಅಲ್ಲಿಗೆ ತಂಗಿಯನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಳು ಅನ್ನಿ. ತಂಗಿ ಬಂದು ಕುರ್ಚಿ ಬೆಚ್ಚಗಾಗುವ ಮೊದಲೇ, “ಈ ಟ್ಯಾಗಿನ ಗೋಳು ಯಾಕೆ? ಮಾರ್ಕ್‌ಡೌನಲ್ಲಿ ಬರೆಯೋಣ” ಎಂದಳು. ಬರೀ ಸಾದಾ ಅಕ್ಷರ. ಶೀರ್ಷಿಕೆಯ ಮುಂದೊಂದು ಹ್ಯಾಶ್ ಗುರುತು, ಹಂತಗಳಿಗೆ ಅಂಕಿ, ಮುಗಿಯಿತು. ಮೆಕ್ಯಾನಿಕ್‌ಗಳು ತಾವೇ ಬರೆದುಕೊಳ್ಳಬಹುದು. ಮ್ಯಾನೇಜರಿಗೆ ಮಾತು ಹಿಡಿಸಿತು. ಇಬ್ಬರೂ ಒಂದೇ ಅಧ್ಯಾಯವನ್ನು ತಮ್ಮ ತಮ್ಮ ರೀತಿಯಲ್ಲಿ ಬರೆದು ಸಭೆಯಲ್ಲಿ ತೋರಿಸಲಿ, ಗೆದ್ದ ರೀತಿಯೇ ಎಲ್ಲ ಕೈಪಿಡಿಗಳಿಗೂ, ಗೆದ್ದವಳೇ ವಿಭಾಗದ ಮುಖ್ಯಸ್ಥೆ ಎಂದುಬಿಟ್ಟರು.

ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಚಿಕ್ಕಂದಿನಿಂದಲೂ ಇದೇ ಕಥೆ. “ಚಿಕ್ಕವಳಲ್ವೇನೇ, ಬಿಟ್ಕೊಡು” ಎಂದು ಅಮ್ಮ ಅಂದಾಗಲೆಲ್ಲ ಕಿಟಕಿ ಪಕ್ಕದ ಹಾಸಿಗೆ ಬಿಟ್ಟುಕೊಟ್ಟದ್ದಾಯಿತು, ಸೈಕಲ್ಲು ಬಿಟ್ಟುಕೊಟ್ಟದ್ದಾಯಿತು. ಇನ್ನು ಈ ಮೇಜನ್ನೂ ಬಿಟ್ಟುಕೊಡಬೇಕೇ? ಊಟದ ಕೋಣೆಯಲ್ಲಿ ಮೆಕ್ಯಾನಿಕ್‌ಗಳು ಈಗ ತಂಗಿಯ ಸುತ್ತ ಕೂತು ಹರಟುತ್ತಿದ್ದರು. ಅವರ ನಗು ಕೇಳಿದರೆ ಅಕ್ಕ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದಳು.

ಸಭೆಯ ಹಿಂದಿನ ದಿನ ತಂಗಿ ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟಳು.

“ಅಕ್ಕಾ, ಒಂದ್ಸಲ ಕಣ್ಣಾಡಿಸೇ. ನಿನ್ನ ಕಣ್ಣು ತಪ್ಪಿಸಿ ಯಾವ ತಪ್ಪೂ ಉಳಿಯಲ್ಲ.”

ಲಿಫ್ಟಿನ ಬ್ರೇಕ್ ಬದಲಾಯಿಸುವ ಅಧ್ಯಾಯ. ಹಂತಗಳ ನಡುವೆ ಕರೆಂಟಿನ ಬಗ್ಗೆ ಒಂದು ಎಚ್ಚರಿಕೆಯ ಸಾಲನ್ನು ತಂಗಿ ಆಗಷ್ಟೇ ಸೇರಿಸಿದ್ದಳು, ಮುಂದೆ ಜಾಗ ಬಿಡದೆ ಎಡ ಅಂಚಿಗೆ ಅಂಟಿಸಿ. ಹಾಗೆ ಬರೆದರೆ ಪಟ್ಟಿ ಅಲ್ಲಿಗೇ ಕಡಿದುಹೋಗುತ್ತದೆ. ಪುಟ ತಯಾರಾದಾಗ ಮುಂದಿನ ಹಂತ ಮತ್ತೆ ಒಂದರಿಂದ ಶುರುವಾಗುತ್ತದೆ. ಬೈಯುವುದಕ್ಕೆಂದೇ ಮಾರ್ಕ್‌ಡೌನನ್ನು ಕದ್ದು ಕಲಿತಿದ್ದ ಅಕ್ಕನಿಗೆ ಅದು ತಟ್ಟನೆ ಕಂಡಿತು.

“ಎಲ್ಲಾ ಸರಿಯಾಗಿದೆ ಕಣೇ,” ಎಂದಳು.

ತಂಗಿ ಪ್ರೀತಿಯಿಂದ ಅವಳ ಭುಜ ಒತ್ತಿ ಹೋದಳು.

ಸಭೆಯಲ್ಲಿ ಅಕ್ಕನ ಪುಟ ಒಂದು ಚುಕ್ಕಿ ಆಚೀಚೆಯಾಗದೆ ಬಂತು. ತಂಗಿಯ ಪುಟ ಗೋಡೆಯ ಮೇಲೆ ಮೂಡಿದ್ದೇ ತಡ, ಹಿರಿಯ ಮೆಕ್ಯಾನಿಕ್ ಕನ್ನಡಕ ಸರಿಮಾಡಿಕೊಂಡ.

“ಇದೇನಿದು, ಅರ್ಧ ದಾರೀಲಿ ಮತ್ತೆ ಒಂದನೇ ಹಂತ? ಕೊನೇಲಿ ‘ಏಳನೇ ಹಂತ ಮತ್ತೆ ಮಾಡಿ’ ಅಂತಿದೆ. ಏಳನೇದು ಎಲ್ಲಿದೆ?”

ಎಲ್ಲರೂ ನಕ್ಕರು. ತಂಗಿಯ ಮುಖ ಬಿಳಿಚಿಕೊಂಡಿತು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಆ ಎಚ್ಚರಿಕೆ ಸಾಲಿನ ಮುಂದೆ ನಾಲ್ಕು ಸ್ಪೇಸ್ ಬಿಡ್ಬೇಕಿತ್ತು,” ಎಂದಳು ತಂಗಿ.

“ಅಷ್ಟೇನಾ? ಕೊಡಿ ಇಲ್ಲಿ.” ಮೆಕ್ಯಾನಿಕ್ ದಪ್ಪ ಬೆರಳಿನಿಂದ ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಕುಟ್ಟಿದ. ಹಂತಗಳೆಲ್ಲ ಸಾಲಾಗಿ ನಿಂತವು. ಅವನಿಗೇ ಆಶ್ಚರ್ಯ. “ಅಕ್ಕಾ, ನಿಮ್ಮ ಫೈಲಿಗೆ ನಾನು ಹೀಗೆ ಕೈ ಹಾಕೋಕಾಗ್ತಿತ್ತಾ?”

ಅಲ್ಲಿಗೆ ತೀರ್ಮಾನವಾಗಿಹೋಯಿತು. ಅಕ್ಕ ಬಾಯಿಮುಚ್ಚಿ ಕಾಪಾಡಿದ ತಪ್ಪೇ ತಂಗಿಯನ್ನು ಗೆಲ್ಲಿಸಿತ್ತು.

“ಮಾರ್ಕ್‌ಡೌನೇ ಇರಲಿ,” ಎಂದರು ಮ್ಯಾನೇಜರ್. “ಆದ್ರೆ ಇಂಥ ತಪ್ಪು ಹೇಗೆ ಉಳೀತು? ಮೊದಲು ಯಾರಿಗಾದ್ರೂ ತೋರಿಸಿದ್ರಾ?”

ತಂಗಿ ಅಕ್ಕನ ಕಡೆ ನೋಡಿದಳು. ನೋಟ ಅಲ್ಲೇ ನಿಂತಿತು. ಅವಳಿಗೆ ಎಲ್ಲ ಅರ್ಥವಾಗಿದೆ ಎಂದು ಅಕ್ಕನಿಗೂ ಗೊತ್ತಾಯಿತು.

“ಇಲ್ಲ ಸರ್,” ಎಂದಳು ತಂಗಿ. “ಯಾರಿಗೂ ತೋರಿಸಿರಲಿಲ್ಲ.”

ಮ್ಯಾನೇಜರ್ ತಂಗಿಯೇ ಮುಖ್ಯಸ್ಥೆ ಎಂದು ಸಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಕುರ್ಚಿ ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಾಳು. ಆದರೆ ಅಷ್ಟು ದೊಡ್ಡ ಮನಸ್ಸು, ಅದೂ ಈ ಚಿಕ್ಕವಳ ಪಾಲಿಗೇ ಬರಬೇಕೇ ಎಂದು ಅವಳ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.