ಫ್ಯೂಸ್ ಕಟ್ಟಿಸಿಕೊಂಡ ಕಾರು

ನಾನೊಂದು ಕಾರು. ಈಗ ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿದ್ದೇನೆ, ಹುಟ್ಟಿದಾಗ ಕುಂಕುಮದಂತಿದ್ದೆ. ದೂರದ ಕಾರ್ಖಾನೆಯಲ್ಲಿ ನನ್ನ ಮೈಯೊಳಗೆ ವೈರು ಎಳೆದವರು ಒಂದಕ್ಕೊಂದು ತೊಡಕಾಗದಂತೆ ಜಡೆ ಹೆಣೆದ ಹಾಗೆ ಹೆಣೆದಿದ್ದರು. ಯಾವ ಗುಂಡಿ ಒತ್ತಿದರೆ ಯಾವ ದೀಪ ಹತ್ತಬೇಕೋ ಅದೇ ಹತ್ತುತ್ತಿತ್ತು. ಇದರಲ್ಲೇನು ದೊಡ್ಡಸ್ತಿಕೆ ಅನ್ನಬೇಡಿ. ಕಳಕೊಂಡವರಿಗೆ ಗೊತ್ತು ಅದರ ಬೆಲೆ.

ಮೊದಲು ನನ್ನನ್ನು ಕೊಂಡವರು ಗದಗಿನ ದನದ ಡಾಕ್ಟರು. ಒಂಬತ್ತು ವರ್ಷ ಚೆನ್ನಾಗಿಯೇ ನೋಡಿಕೊಂಡರು. ಹಿಂದಿನ ಸೀಟಿನಲ್ಲಿ ಒಮ್ಮೆ ಒಂದು ಕರುವೂ ಕೂತು ಬಂದಿತ್ತು, ಪಾಪ, ಏನೂ ಗಲೀಜು ಮಾಡಲಿಲ್ಲ. ಡಾಕ್ಟರಿಗೆ ವರ್ಗವಾದಾಗ ನಾನು ಫಕೀರೇಶನ ಕೈಗೆ ಬಂದೆ.

ಫಕೀರೇಶ ಮನೆಗಳಿಗೆ ಕರೆಂಟು ಎಳೆಯುವವನು. ಕೆಟ್ಟವನಲ್ಲ, ಆದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಎರಡು ಹಾರ್ನು, ನಾಲ್ಕು ದೀಪ, ಹಿಂದಕ್ಕೆ ಹೋದರೆ ಹಾಡುವ ಪೆಟ್ಟಿಗೆ, ಕಾಲಡಿಯಲ್ಲಿ ನೀಲಿ ಬೆಳಕು, ಎಲ್ಲಾ ಹಾಕಿದ. ಮನೆ ಕಟ್ಟುವಲ್ಲಿ ಉಳಿದ ತುಂಡು ವೈರುಗಳೆಲ್ಲ ನನ್ನ ಹೊಟ್ಟೆ ಸೇರಿದವು. ಇಷ್ಟು ಭಾರಕ್ಕೆ ಫ್ಯೂಸ್ ಹೋಗತೊಡಗಿದಾಗ ಅವನೇನು ಮಾಡಿದ ಗೊತ್ತೇ? ಮನೆಯ ಮೀಟರಿನ ಹತ್ತಿರ ಫ್ಯೂಸ್ ಹೋದರೆ ತಂತಿ ಕಟ್ಟುತ್ತಾರಲ್ಲ, ಹಾಗೆಯೇ ನನಗೂ ದಪ್ಪನೆಯ ತಾಮ್ರದ ತಂತಿ ಕಟ್ಟಿದ.

"ಇನ್ನ ಈ ಜನ್ಮದಾಗ ಫ್ಯೂಸ್ ಹೋಗಂಗಿಲ್ಲ!" ಎಂದು ಮೀಸೆ ತಿರುವಿದ.

ನಿಜ, ಹೋಗಲಿಲ್ಲ. ಫ್ಯೂಸ್ ಸುಡಬೇಕಾದಲ್ಲಿ ನಾನೇ ಸುಡುವಂತಾಯಿತು.

ಅವನಿಂದ ನನ್ನನ್ನು ಕೊಂಡವಳು ಕಸ್ತೂರವ್ವ. ಐವತ್ತಮೂರು ವರ್ಷದ ಹೆಂಗಸು, ಗಂಡ ತೀರಿಕೊಂಡಿದ್ದ. ಬಸ್ಸು ಹೋಗದ ಹಳ್ಳಿಗಳಿಗೆ ಹಳೆಯ ಸೀರೆಗಳನ್ನು ಒಯ್ದು ಕೊಟ್ಟು, ಅವುಗಳ ತುಂಡು ಜೋಡಿಸಿ ಅಲ್ಲಿನ ಹೆಂಗಸರು ಹೊದೆಯಲು ಹೊಲಿದ ಕೌದಿಗಳನ್ನು ತಂದು ಮಾರುತ್ತಿದ್ದಳು. ಗಾಡಿ ಓಡಿಸಲು ಕಲಿತದ್ದೇ ನನ್ನ ಮೇಲೆ. ಕಲಿಯುವಾಗ ಮೂರು ಕಟ್ಟೆ, ಒಂದು ಹುಲ್ಲಿನ ಬಣವೆ ಗುದ್ದಿದಳು, ನನಗೇನೂ ಬೇಸರವಿಲ್ಲ. ಬೇಸರವಿದ್ದದ್ದು ನನ್ನ ಬಗ್ಗೆಯೇ. ಎಡಕ್ಕೆ ದೀಪ ಹಾಕಿದರೆ ವೈಪರ್ ಆಡುತ್ತಿತ್ತು, ಬ್ರೇಕ್ ಒತ್ತಿದರೆ ಹಾಡು ಬರುತ್ತಿತ್ತು. ಜನ ನಗುತ್ತಿದ್ದರು. ಅವಳು ದೃಷ್ಟಿಯಾಗಿದೆ ಎಂದು ಲಿಂಬೆಹಣ್ಣು ಕಟ್ಟಿದಳು. ತಾಮ್ರದ ತಂತಿಗೆ ಲಿಂಬೆಹಣ್ಣು ಏನು ಮಾಡೀತು!

ಒಂದು ಗುರುವಾರ, ಕೌದಿ ಹೊಲಿಯುವ ತಿಪ್ಪವ್ವಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವಾಗ ನನ್ನ ಮೂತಿಯಿಂದ ಹೊಗೆ ಎದ್ದಿತು. ಕಸ್ತೂರವ್ವ ಅಜ್ಜಿಯನ್ನು ದರದರನೆ ಎಳೆದು ಇಳಿಸಿ, ಬಾನೆಟ್ ಎತ್ತಿ, ಸೆರಗು ಕೈಗೆ ಸುತ್ತಿಕೊಂಡು ಬ್ಯಾಟರಿಯ ವೈರು ಕಿತ್ತು ಎಸೆದಳು. ಹೊಗೆ ನಿಂತಿತು.

ಸುದ್ದಿ ಕೇಳಿ ಅವಳ ತಮ್ಮ ಮಲ್ಲನಗೌಡ ಓಡಿ ಬಂದ. "ಅಕ್ಕಾ, ಸಾಕಿನ್ನ. ಸೋಮವಾರ ಗುಜರಿಯಂವಾ ಬರ್ತಾನ, ಕೊಟ್ಟು ಕೈ ತೊಳ್ಕೋ."

"ಇದು ಹೋದ್ರ ನನ್ನ ಕಾಲ ಹೋದಂಗ ಆಕ್ಕೈತಿ ತಮ್ಮಾ."

"ಜೀವ ಹೋದ್ರ?"

ನನಗೆ ಸಾಯುವ ಹೆದರಿಕೆಗಿಂತ ಅವಳನ್ನು ಸುಡಲು ಹೋದೆನಲ್ಲ ಎಂಬ ನಾಚಿಕೆ ಹೆಚ್ಚಾಗಿತ್ತು.

ಶನಿವಾರ ಬೆಳಿಗ್ಗೆ ನನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ದಾವಲಸಾಬನ ಅಂಗಡಿಗೆ ತಂದಳು. ವಾಹನಗಳ ವೈರಿಂಗಿನಲ್ಲಿ ಅವನದು ಎತ್ತಿದ ಕೈ. ಒಳಗೆ ಇಣುಕಿದವನೇ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಇದು ವೈರಿಂಗ್ ಅಲ್ರೀ ಅಕ್ಕಾರ, ಕೌದಿ!"

ಕಸ್ತೂರವ್ವನಿಗೆ ಸಿಟ್ಟು ನೆತ್ತಿಗೇರಿತು. "ಕೌದಿಗೆ ಹಂಗನ್ನಬ್ಯಾಡ್ರಿ. ಕೌದ್ಯಾಗ ಒಂದೊಂದು ಹೊಲಿಗಿಗೂ ಹಾದಿ ಇರ್ತೈತಿ. ಈ ಹುಚ್ಚಾಟಕ್ಕ ಹಾದಿನ ಇಲ್ಲ."

ದಾವಲಸಾಬ ನಕ್ಕ. ಇದನ್ನು ರಿಪೇರಿ ಮಾಡಲಾಗದು, ಪೂರಾ ಕಿತ್ತು ಬೇರೆ ಹಾಕಬೇಕು ಎಂದ. ನನ್ನದೇ ಜಾತಿಯ ಕಾರೊಂದು ಅಪಘಾತದಲ್ಲಿ ಹಿಂಭಾಗ ಮುರಿದು ಅವನ ಅಂಗಳದಲ್ಲೇ ಬಿದ್ದಿತ್ತು. ಅದರ ವೈರಿನ ಕಟ್ಟು ಗಟ್ಟಿಯಾಗಿತ್ತು. ಆದರೆ ಯಾವುದು ಎಲ್ಲಿಗೆ ಎಂದು ಹುಡುಕುತ್ತ ಕೂತರೆ ಒಂದು ವಾರ ಬೇಕು ಎಂದ.

"ಸೋಮವಾರದೊಳಗ ಆಗಬೇಕು," ಎಂದಳು ಅವಳು. ಚೀಲದಿಂದ ಸೀರೆಯ ಚಿಂದಿ ತೆಗೆದಳು. ಆ ಕಾರಿನಿಂದ ಅವನು ಒಂದೊಂದು ವೈರು ಬಿಚ್ಚಿದ ಹಾಗೆ ಅದರ ತುದಿಗೂ, ನನ್ನೊಳಗೆ ಅದು ಸೇರಬೇಕಾದ ಜಾಗಕ್ಕೂ ಒಂದೇ ಬಣ್ಣದ ಚಿಂದಿ ಕಟ್ಟುತ್ತ ಹೋದಳು. ಮುಂದಿನ ದೀಪಕ್ಕೆ ಇಳಕಲ್ಲಿನ ಕೆಂಪು ಸೆರಗು, ಹಾರ್ನಿಗೆ ಹಳದಿ, ಬ್ರೇಕಿಗೆ ಹಸಿರು ಅಂಚು. ಯಾವುದು ಎಲ್ಲಿಗೆ ಎಂದು ಅವನು ಎರಡು ಸಲ ಕೇಳಬೇಕಾಗಲಿಲ್ಲ. ಭಾನುವಾರ ಸಂಜೆಗೆ ಹೊಸ ಫ್ಯೂಸುಗಳನ್ನು ಕೂರಿಸಿದ. ಮುಚ್ಚಳ ಹಾಕಬೇಕು, ಅಷ್ಟರಲ್ಲಿ ಕಸ್ತೂರವ್ವ ಬುತ್ತಿಯಿಂದ ಹೋಳಿಗೆಯ ಚೂರು ತೆಗೆದು ಒಳಗಿಡಲು ಕೈಚಾಚಿದಳು. ಕೌದಿಯ ಕೊನೆಯ ಹೊಲಿಗೆಗೆ ಮುಂಚೆ ಹಾಗೆ ಸಿಹಿ ಇಟ್ಟು ಅದರ ಹೊಟ್ಟೆ ತುಂಬಿಸುವುದು ಅವಳ ಅತ್ತೆಯ ಕಾಲದ ಪದ್ಧತಿ.

"ಇಲಿ ಬರ್ತಾವ್ರೀ ಅಕ್ಕಾರ! ವೈರೆಲ್ಲ ಕಡದು ಹಾಕ್ತಾವ!" ಎಂದು ಕಿರುಚಿದ ದಾವಲಸಾಬ, ಆ ಚೂರನ್ನು ಕಸಿದು ತನ್ನ ಬಾಯಿಗೇ ಹಾಕಿಕೊಂಡ. "ತಗೋರಿ, ಗಾಡಿ ಪರವಾಗಿ ನಾ ತಿಂದೆ."

ಸೋಮವಾರ ಗುಜರಿಯವನು ಮನೆ ಮುಂದೆ ಬಂದು ನಿಂತ. ಮಲ್ಲನಗೌಡನನ್ನು ಕಸ್ತೂರವ್ವ ನನ್ನೆದುರು ನಿಲ್ಲಿಸಿದಳು. "ನೋಡಿ ಹೇಳು," ಎಂದು ಒಂದೊಂದೇ ಗುಂಡಿ ಒತ್ತಿದಳು.

"ಎಡಕ್ಕ ಹತ್ತಿತು," ಎಂದ ಅವನು ಬಿಗುಮಾನದಿಂದ. "ಬಲಕ್ಕ... ಬಲಕ್ಕನ ಹತ್ತಿತು." ಆಮೇಲೆ ಹಿಂದೆ ಓಡಿಹೋದ. "ಬ್ರೇಕೂ ಹತ್ತೈತಿ! ಅಕ್ಕಾ, ಹಾಡು ಬರವಲ್ದು!"

ಕಸ್ತೂರವ್ವ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ಎಷ್ಟು ಹಗುರಾಯಿತು ಅಂತೀರಿ ನನಗೆ!

ಗುಜರಿಯವನೂ ಬರಿಗೈಯಲ್ಲಿ ಹೋಗಲಿಲ್ಲ. ಫಕೀರೇಶನ ವೈರಿನ ಗಂಟು ಹೊತ್ತುಕೊಂಡು ಹೋದ. ನನಗೀಗ ವಯಸ್ಸಾಗಿದೆ, ಏರು ಹತ್ತುವಾಗ ಕೆಮ್ಮುತ್ತೇನೆ. ಹೊಸತಾಗುವ ಆಸೆಯಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೆ ಕೇಳುವಂತಾದೆನಲ್ಲ, ಅಷ್ಟು ಸಾಕು.

ಅಂದೇ ಮಧ್ಯಾಹ್ನ ನಾವು ತಿಪ್ಪವ್ವಜ್ಜಿಯ ಬಾಗಿಲಿಗೆ ಹೋದೆವು. ಅಜ್ಜಿ ಹೊರಗೆ ಬಂದು, ಮಂಜುಗಣ್ಣು ಕಿರಿದು ಮಾಡಿ, ನನ್ನ ಮೂತಿಯ ಮೇಲೆ ಅಂಗೈ ಇಟ್ಟು ನೋಡಿದಳು. ಬಿಸಿಯಿರಲಿಲ್ಲ.

"ತಣ್ಣಗ ಐತಿ," ಎಂದು ಮುಂದಿನ ಸೀಟಿನಲ್ಲಿ ಕೂತಳು. "ನಡಿಯವ್ವ, ದವಾಖಾನಿಗೆ."